ಸರ್ವಿಸ್ ರೀಸ್ಟಾರ್ಟ್ ಮಾಡಿದ ಕೂಡಲೇ ಲಿನಕ್ಸ್ ಪರದೆ ಕಪ್ಪಾಯಿತೇ? ಹುಡುಕುವುದು ಎಲ್ಲಿಂದ

ನನ್ನ ಸಹೋದ್ಯೋಗಿಯೊಬ್ಬರು ಒಂದು ಸಂಜೆ ತಮ್ಮ ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡುತ್ತಿದ್ದರು. ಕೊನೆಗೆ ಟರ್ಮಿನಲ್‌ನಲ್ಲಿ ಒಂದು ಪಟ್ಟಿ ತೆರೆಯಿತು. ಹಳೆಯ ಲೈಬ್ರರಿ ಹಿಡಿದುಕೊಂಡು ಓಡುತ್ತಿರುವ ಸರ್ವಿಸ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಇವು, ಯಾವುದನ್ನು ರೀಸ್ಟಾರ್ಟ್ ಮಾಡಲಿ ಎಂದು ಕೇಳುವ ಪಟ್ಟಿ. ಕೆಲವಕ್ಕೆ ಗುರುತು ಇತ್ತು, ಕೆಲವಕ್ಕೆ ಇರಲಿಲ್ಲ. ಎಲ್ಲವೂ ಹೊಸದಾಗಿ ಶುರುವಾದರೆ ಒಳ್ಳೆಯದೇ ಅಲ್ವಾ ಎಂದುಕೊಂಡು ಅವರು ಎಲ್ಲಕ್ಕೂ ಗುರುತು ಹಾಕಿ ಎಂಟರ್ ಒತ್ತಿದರು. ಎರಡು ಸೆಕೆಂಡಿನಲ್ಲಿ ಪರದೆ ಕಪ್ಪಾಯಿತು. ಎಡಮೂಲೆಯಲ್ಲಿ ಒಂದು ಕರ್ಸರ್ ಬಿಟ್ಟರೆ ಬೇರೇನೂ ಇಲ್ಲ. ಗಾಬರಿಯಿಂದ ಪವರ್ ಬಟನ್ ಒತ್ತಿ ಹಿಡಿದರು. ಮತ್ತೆ ಆನ್ ಮಾಡಿದಾಗ ಡೆಸ್ಕ್‌ಟಾಪ್ ಬರಲೇ ಇಲ್ಲ.

ಪರದೆ ಕಪ್ಪಾಗಿದ್ದು ದೊಡ್ಡ ಸಮಸ್ಯೆ ಆಗಿರಲಿಲ್ಲ. ಅದು ಐದು ನಿಮಿಷದ ಕೆಲಸ. ಪ್ಯಾಕೇಜ್‌ಗಳು ಅರ್ಧ ಕಾನ್ಫಿಗರ್ ಆಗಿರುವಾಗ ಪವರ್ ಹೋದದ್ದೇ ಆ ರಾತ್ರಿಯನ್ನೆಲ್ಲ ತಿಂದಿತು. ಅದೇ ಸ್ಥಿತಿ ನಿಮಗೆ ಬಂದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಮಾಂಡ್‌ಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಮಾಡಿ.

ಪವರ್ ಬಟನ್ ಬಿಡಿ, ಕೀಬೋರ್ಡ್ ಹಿಡಿಯಿರಿ

ಪರದೆ ಹೋಯಿತು ಅಂದರೆ ಯಂತ್ರ ಹೋಯಿತು ಅಂತಲ್ಲ. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಅನ್ನುವುದು ವ್ಯವಸ್ಥೆಯ ತಿರುಳಾದ ಕರ್ನಲ್ ಮೇಲೆ ಓಡುವ ಹತ್ತಾರು ಪ್ರೋಗ್ರಾಂಗಳಲ್ಲಿ ಒಂದು ಅಷ್ಟೆ. ಅದು ಬಿದ್ದರೂ ಕೆಳಗಿನದು ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಸೇರಿಸಬೇಕು. ಅಕ್ಷರಗಳ ಕನ್ಸೋಲ್ ಬಂದು ಲಾಗಿನ್ ಕೇಳಿದರೆ ಅರ್ಧ ಗೆದ್ದಿರಿ. ಎಫ್3 ಬರದಿದ್ದರೆ ಎಫ್4, ಎಫ್5 ನೋಡಿ. ಗ್ನೋಮ್ ಡೆಸ್ಕ್‌ಟಾಪ್ ಇರುವ ಯಂತ್ರಗಳಲ್ಲಿ 1ನೇ ಕನ್ಸೋಲ್ ಲಾಗಿನ್ ಪರದೆಗೆ, 2ನೆಯದು ನಿಮ್ಮ ಡೆಸ್ಕ್‌ಟಾಪ್‌ಗೆ ಹೋಗಿರುತ್ತದೆ. ಅದಕ್ಕೇ 3ರಿಂದ ಶುರು ಮಾಡುವುದು.

ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಇಲ್ಲಿ ಒಂದು ತೊಡಕಿದೆ. ಈ ಕನ್ಸೋಲಿನ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ. ಒತ್ತಕ್ಷರ, ಗುಣಿತ ಜೋಡಿಸುವ ವ್ಯವಸ್ಥೆಯೂ ಅದಕ್ಕಿಲ್ಲ. ಹಾಗಾಗಿ ಕನ್ನಡದ ಸಂದೇಶಗಳು, ಕನ್ನಡದ ಫೈಲ್ ಹೆಸರುಗಳು ಎಲ್ಲ ಬರೀ ಚೌಕಗಳಾಗಿ ಕಾಣುತ್ತವೆ. ಅದನ್ನು ನೋಡಿ ಡಿಸ್ಕ್ ಕೆಟ್ಟಿತು ಎಂದು ಹೆದರಬೇಡಿ. ಲಾಗಿನ್ ಆದ ತಕ್ಷಣ 'ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ' ಎಂದು ಕೊಡಿ (ಇದರಲ್ಲಿ ಎಲ್‌ಸಿ, ಆಲ್, ಸಿ ಮೂರೂ ದೊಡ್ಡಕ್ಷರ). ಆಮೇಲೆ ಬರುವ ಸಂದೇಶಗಳು ಇಂಗ್ಲಿಷಿನಲ್ಲಿ ಬಂದು ಓದಲು ಸಿಗುತ್ತವೆ.

ಕನ್ಸೋಲ್ ಬರಲಿಲ್ಲವೇ? ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದು, ಇದರಲ್ಲಿ ಎಸ್‌ಎಸ್‌ಎಚ್ ಸರ್ವರ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಲು ಬಿಡುವ ಪ್ರೋಗ್ರಾಂ) ಹಾಕಿದ್ದರೆ ಅಲ್ಲಿಂದ ಒಳಗೆ ಬನ್ನಿ. ನನ್ನ ಪ್ರಕಾರ ಲಿನಕ್ಸ್ ಬಳಸುವ ಎಲ್ಲರೂ ಇದನ್ನು ಮೊದಲೇ ಹಾಕಿಟ್ಟುಕೊಳ್ಳಬೇಕು. ಪರದೆ ಸತ್ತ ಯಂತ್ರಕ್ಕೆ ಹಿತ್ತಿಲ ಬಾಗಿಲು ಇದೊಂದೇ.

ಎರಡೂ ಆಗದಿದ್ದರೆ ಮಾತ್ರ ಕೊನೆಯ ಉಪಾಯ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಹಿಡಿದು ಎಸ್, ಸ್ವಲ್ಪ ಬಿಟ್ಟು ಯು, ಮತ್ತೆ ಸ್ವಲ್ಪ ಬಿಟ್ಟು ಬಿ ಒತ್ತಿ. ಎಸ್ ಒತ್ತಿದರೆ ಬರೆಯಬೇಕಾದ್ದು ಡಿಸ್ಕಿಗೆ ಇಳಿಯುತ್ತದೆ. ಯು ಒತ್ತಿದರೆ ಡಿಸ್ಕ್ ಓದಲು ಮಾತ್ರ ಎಂದಾಗುತ್ತದೆ. ಬಿ ರೀಬೂಟ್. ಹಳಬರು ಆರ್ ಮತ್ತು ಇ ಮತ್ತು ಐ ಕೂಡ ಸೇರಿಸಿ ಹೇಳಿಕೊಡುತ್ತಾರೆ. ಉಬುಂಟುವಿನಲ್ಲಿ ಈ ಕೀಗಳ ಅನುಮತಿ ಡಿಫಾಲ್ಟ್ ಆಗಿ 176. ಅಂದರೆ 128, 32, 16 ಸೇರಿದ್ದು: ರೀಬೂಟ್, ಓದಲು-ಮಾತ್ರ, ಸಿಂಕ್. ಉಳಿದ ಮೂರು ಅಲ್ಲಿ ಕೆಲಸ ಮಾಡುವುದಿಲ್ಲ. ಮಾಡಲಿಲ್ಲವೆಂದು ಕರ್ನಲ್ ಕೂಡ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಪರದೆಗಿಂತ ಮೊದಲು ಪ್ಯಾಕೇಜ್ ನೋಡಿ

ಒಳಗೆ ಬಂದ ಕೂಡಲೇ ಪರದೆ ವಾಪಸ್ ತರಲು ಕೈ ತುರಿಸುತ್ತದೆ. ತಡೆಯಿರಿ. ಅಪ್‌ಡೇಟ್ ನಡುವೆ ಹೀಗಾಗಿದ್ದರೆ ಮೊದಲು ನೋಡಬೇಕಾದ್ದು ಬೇರೆ.

ನೀವು ಡೆಸ್ಕ್‌ಟಾಪಿನ ಟರ್ಮಿನಲ್ ಕಿಟಕಿಯಲ್ಲಿ ಅಪ್‌ಡೇಟ್ ಓಡಿಸುತ್ತಿದ್ದಿರಿ. ಡೆಸ್ಕ್‌ಟಾಪ್ ಬಿತ್ತು. ಟರ್ಮಿನಲ್ ಕಿಟಕಿಯೂ ಅದರೊಂದಿಗೆ ಬಿತ್ತು. ಒಳಗಿದ್ದ ಅಪ್‌ಡೇಟ್ ಪ್ರೋಗ್ರಾಂ ಕೂಡ ನಿಂತಿರಬಹುದು, ಅಥವಾ ಯಾರ ಕಣ್ಣಿಗೂ ಬೀಳದೆ ಇನ್ನೂ ಓಡುತ್ತಿರಬಹುದು. 'ಪಿಎಸ್ ಎಯುಎಕ್ಸ್' ಕೊಟ್ಟು ಪಟ್ಟಿಯಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಅಥವಾ ಡಿಪಿಕೆಜಿ ಇದೆಯೇ ನೋಡಿ. ಇದ್ದರೆ ಕಾಯಿರಿ. ಅದು ತಾನಾಗಿ ಮುಗಿಯಲಿ. ಲಾಕ್ ಫೈಲ್ ಅಳಿಸಿ ಎಂದು ಅಲ್ಲಲ್ಲಿ ಸಲಹೆ ಸಿಗುತ್ತದೆ. ಓಡುತ್ತಿರುವಾಗ ಅದನ್ನು ಅಳಿಸಿದರೆ ಎರಡು ಪ್ರೋಗ್ರಾಂಗಳು ಒಂದೇ ಡೇಟಾಬೇಸಿಗೆ ಬರೆದು ಎಲ್ಲ ಹಾಳಾಗುತ್ತದೆ.

ಓಡುತ್ತಿಲ್ಲ ಎಂದು ಖಚಿತವಾದರೆ ಡೆಬಿಯನ್, ಉಬುಂಟು ಕುಟುಂಬದಲ್ಲಿ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ (ಸುಡೊ ಅಂದರೆ ಪೂರ್ಣ ಅಧಿಕಾರ ಇರುವ ರೂಟ್ ಬಳಕೆದಾರನ ಹೆಸರಿನಲ್ಲಿ). ಅರ್ಧಕ್ಕೆ ನಿಂತವನ್ನೆಲ್ಲ ಅದು ಮುಗಿಸುತ್ತದೆ. ಆಮೇಲೆ 'ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್'. ನಮ್ಮ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟುಹೋಗಿದ್ದು ಇದೇ. ಹೊಸ ಕರ್ನಲ್ ಬಂದಿತ್ತು, ಆದರೆ ಬೂಟ್ ಆಗುವಾಗ ಬೇಕಾದ ಆರಂಭಿಕ ಇಮೇಜ್ ತಯಾರಾಗಿರಲಿಲ್ಲ. ಬೂಟ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿ ಒಳಗೆ ಹೋಗಿ, ಮೇಲಿನ ಎರಡು ಕಮಾಂಡ್ ಕೊಟ್ಟ ಮೇಲೆಯೇ ದಾರಿಗೆ ಬಂದಿತು.

ಯಾವ ಸೆಕೆಂಡಿನಲ್ಲಿ ಹೋಯಿತು?

ಈಗ ಕಾರಣ. ನಾನು ಯಾವಾಗಲೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಪರದೆ ಹೋದ ಸೆಕೆಂಡ್ ಯಾವುದು, ಅದಕ್ಕೆ ಸ್ವಲ್ಪ ಮೊದಲು ಯಾವ ಸರ್ವಿಸ್ ನಿಂತಿತು? ಗ್ರಾಫಿಕ್ಸ್ ಡ್ರೈವರ್ ಬದಲಿಸುವುದು, ಡೆಸ್ಕ್‌ಟಾಪ್ ತೆಗೆದು ಮತ್ತೆ ಹಾಕುವುದು, ಇವೆಲ್ಲ ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲು ಬೇಡ.

ರೀಬೂಟ್ ಮಾಡಿಲ್ಲದಿದ್ದರೆ 'ಸುಡೊ ಜರ್ನಲ್‌ಸಿಟಿಎಲ್ -ಬಿ -ಇ'. ಮಾಡಿದ್ದರೆ 'ಸುಡೊ ಜರ್ನಲ್‌ಸಿಟಿಎಲ್ -ಬಿ -1 -ಇ', ಅಂದರೆ ಹಿಂದಿನ ಬೂಟಿನ ದಾಖಲೆ. ಹಿಂದಿನದು ಸಿಗುತ್ತಿಲ್ಲವೆಂದರೆ ದಾಖಲೆ ಬರೀ ಮೆಮೊರಿಯಲ್ಲಿ ಉಳಿಯುತ್ತಿದೆ ಎಂದರ್ಥ. ವಾರ್, ಲಾಗ್ ಅದರೊಳಗೆ ಜರ್ನಲ್ ಎಂಬ ಫೋಲ್ಡರ್ ಮಾಡಿಟ್ಟರೆ ಮುಂದಿನ ಬೂಟಿನಿಂದ ಡಿಸ್ಕಿನಲ್ಲಿ ಉಳಿಯುತ್ತದೆ.

ಈ ದಾಖಲೆ ಓದುವಾಗ ಹೆಚ್ಚಿನವರು ಕೆಂಪು ಸಾಲುಗಳನ್ನು ಹಿಡಿದುಕೊಳ್ಳುತ್ತಾರೆ. 'ಎರರ್ ರೀಡಿಂಗ್ ಇವೆಂಟ್ಸ್ ಫ್ರಮ್ ಡಿಸ್‌ಪ್ಲೇ: ಬ್ರೋಕನ್ ಪೈಪ್' ಎಂಬಂಥ ಸಾಲುಗಳು ಹತ್ತಿಪ್ಪತ್ತು ಬಂದಿರುತ್ತವೆ. ಅವು ಯಾವುವೂ ಕಾರಣವಲ್ಲ. ಮನೆಯ ಮೇನ್ ಸ್ವಿಚ್ ಆರಿದಾಗ ಒಂದೊಂದು ಕೋಣೆಯಿಂದ ಕರೆಂಟ್ ಹೋಯ್ತು ಎಂದು ಕೂಗು ಬರುತ್ತದಲ್ಲ, ಹಾಗೆ. ಪರದೆ ಹೋಯಿತೆಂದು ಬ್ರೌಸರ್, ಟರ್ಮಿನಲ್, ಫೈಲ್ ಮ್ಯಾನೇಜರ್ ಎಲ್ಲ ಕೂಗಿದ್ದು ಅದು. ಆ ಗುಂಪಿನ ಮೊದಲ ಸಾಲು ಹಿಡಿದು, ಅಲ್ಲಿಂದ ಮೇಲಕ್ಕೆ ಹೋಗಿ. ಅಲ್ಲಿ 'ಸ್ಟಾಪಿಂಗ್' ಎಂದು ಶುರುವಾಗುವ ಸಾಲು ಸಿಗುತ್ತದೆ. ಅದರಲ್ಲಿರುವ ಹೆಸರೇ ನಿಮಗೆ ಬೇಕಾದ್ದು. ಸುಡೊ ಮೂಲಕ ರೀಸ್ಟಾರ್ಟ್ ಕೊಟ್ಟಿದ್ದರೆ ಇನ್ನೂ ಸ್ವಲ್ಪ ಮೇಲೆ ಯಾವ ಬಳಕೆದಾರ ಯಾವ ಕಮಾಂಡ್ ಕೊಟ್ಟರು ಎಂಬುದೂ ಇರುತ್ತದೆ.

ಇನ್ನೊಂದು ಗುರುತು ನೋಡಿಕೊಳ್ಳಿ. ಡೆಸ್ಕ್‌ಟಾಪ್ ಹೇಗೆ ಸತ್ತಿತು? 'ಕೋಡ್=ಡಂಪ್ಡ್, ಸ್ಟೇಟಸ್=11' ಎಂದಿದ್ದರೆ ಪ್ರೋಗ್ರಾಂ ನಿಜವಾಗಿಯೂ ಒಳಗಿಂದ ಒಡೆದಿದೆ. 'ಕೋರ್‌ಡಂಪ್‌ಸಿಟಿಎಲ್ ಲಿಸ್ಟ್' ಕೊಟ್ಟರೆ ಅದರ ಅವಶೇಷ (ಕೋರ್ ಡಂಪ್) ಸಿಗಬಹುದು. 'ಸ್ಟೇಟಸ್=15' ಎಂದಿದ್ದರೆ ಅದು ಒಡೆದದ್ದಲ್ಲ, ಹೊರಡು ಎಂದು ಹೇಳಿಸಿಕೊಂಡು ಹೊರಟದ್ದು. ಸರ್ವಿಸ್ ರೀಸ್ಟಾರ್ಟ್ ಆದ ಮೇಲೆ ಬೀಳುವ ಪರದೆಗಳಲ್ಲಿ ನಾನು ಜಾಸ್ತಿ ನೋಡಿರುವುದು ಈ ಎರಡನೆಯದನ್ನೇ. ಕ್ರ್ಯಾಶ್ ಎಂದು ನಾವು ಕರೆಯುತ್ತೇವೆ, ಆದರೆ ಯಂತ್ರದ ಲೆಕ್ಕದಲ್ಲಿ ಎಲ್ಲ ನಿಯಮದ ಪ್ರಕಾರವೇ ನಡೆದಿರುತ್ತದೆ.

ಕರ್ನಲ್ ಸಾಲುಗಳಲ್ಲಿ 'ಜಿಪಿಯು ಹ್ಯಾಂಗ್', 'ರಿಂಗ್ ... ಟೈಮ್‌ಔಟ್', 'ಔಟ್ ಆಫ್ ಮೆಮೊರಿ' ಎಂದೇನಾದರೂ ಕಂಡರೆ ಅದು ಬೇರೆ ರೋಗ. ರೀಸ್ಟಾರ್ಟ್ ಅದೇ ಹೊತ್ತಿಗೆ ಆಗಿದ್ದು ಕಾಕತಾಳೀಯ ಇರಬಹುದು.

ಪರದೆ ಯಾವುದರ ಮೇಲೆ ನಿಂತಿದೆ

ತಳದಲ್ಲಿ ಕರ್ನಲ್ ಮತ್ತು ಅದರ ಗ್ರಾಫಿಕ್ಸ್ ಡ್ರೈವರ್. ಹಾರ್ಡ್‌ವೇರ್ ಬಂತು, ಹೋಯಿತು ಎಂದು ತಿಳಿಸುವ ಯೂಡೆವ್ ಅದರ ಮೇಲೆ. ಪರದೆ, ಕೀಬೋರ್ಡ್, ಮೌಸ್ ಈಗ ಯಾರ ಕೈಯಲ್ಲಿ ಇರಬೇಕು ಎಂದು ತೀರ್ಮಾನಿಸುವ ಲಾಗಿನ್‌ಡಿ ಅದರ ಮೇಲೆ. ಇವರೆಲ್ಲ ಪರಸ್ಪರ ಮಾತಾಡುವ ತಂತಿ ಡಿ-ಬಸ್. ಲಾಗಿನ್ ಪರದೆ ತೋರಿಸುವ ಡಿಸ್‌ಪ್ಲೇ ಮ್ಯಾನೇಜರ್ ಇವುಗಳ ಮೇಲೆ ಕೂತಿದೆ. ಅದರ ಮೇಲೆ ನಿಮ್ಮ ಡೆಸ್ಕ್‌ಟಾಪ್. ಕೆಳಗಿನ ಯಾವ ಕೊಂಡಿ ಕಳಚಿದರೂ ಮೇಲಿನದು ಬೀಳಬಹುದು.

ಡಿಸ್‌ಪ್ಲೇ ಮ್ಯಾನೇಜರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಿಡಿಎಂ, ಲೈಟ್‌ಡಿಎಂ, ಎಸ್‌ಡಿಡಿಎಂ, ಇದರಲ್ಲಿ ಯಾವುದನ್ನು ರೀಸ್ಟಾರ್ಟ್ ಮಾಡಿದರೂ ಅದರಡಿ ತೆರೆದಿದ್ದ ಡೆಸ್ಕ್‌ಟಾಪ್ ಮುಚ್ಚುತ್ತದೆ. ಅದು ದೋಷವಲ್ಲ. ಲಾಗಿನ್ ಪರದೆ ವಾಪಸ್ ಬಂದರೆ ಲಾಗಿನ್ ಆಗಿ ಕೆಲಸ ಮುಂದುವರಿಸಿ. 'ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಮಲ್ಟಿ-ಯೂಸರ್.ಟಾರ್ಗೆಟ್' ಕೊಟ್ಟಾಗಲೂ ಇಷ್ಟೇ ಆಗುವುದು. 'ಐಸೊಲೇಟ್ ಗ್ರಾಫಿಕಲ್.ಟಾರ್ಗೆಟ್' ಕೊಟ್ಟರೆ ಪರದೆ ಮರಳುತ್ತದೆ.

ಡಿ-ಬಸ್ ವಿಷಯ ಹಾಗಲ್ಲ. ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮವರ ಲ್ಯಾಪ್‌ಟಾಪ್ ಬಿದ್ದದ್ದು ಇದರಿಂದಲೇ.

ಸಿಸ್ಟಮ್ ಬಸ್ ನಿಂತರೆ ಅದಕ್ಕೆ ಅಂಟಿಕೊಂಡಿದ್ದ ಪ್ರತಿಯೊಂದು ಪ್ರೋಗ್ರಾಂನ ಸಂಪರ್ಕವೂ ಕಡಿಯುತ್ತದೆ. ಬಸ್ ಮತ್ತೆ ಶುರುವಾದರೂ ಹಳೆಯ ಸಂಪರ್ಕ ತಾನಾಗಿ ಸೇರಿಕೊಳ್ಳುವುದಿಲ್ಲ. ಗ್ನೋಮ್ ಪ್ರೋಗ್ರಾಂಗಳು ಬಳಸುವ ಜಿ-ಲಿಬ್ ಲೈಬ್ರರಿಯಲ್ಲಿ ಬಸ್ ಸಂಪರ್ಕಕ್ಕೆ ಒಂದು ಡಿಫಾಲ್ಟ್ ಗುಣ ಇದೆ: ಆ ಕಡೆಯಿಂದ ಸಂಪರ್ಕ ಮುಚ್ಚಿದರೆ ಪ್ರೋಗ್ರಾಂ ತನಗೆ ತಾನೇ 15ನೇ ಸಿಗ್ನಲ್ ಕಳಿಸಿಕೊಂಡು ಮುಗಿಯುತ್ತದೆ. ತಂತಿ ಕಡಿದ ಮೇಲೆ ಅರೆಬರೆ ಜೀವದಲ್ಲಿ ಉಳಿಯುವುದು ಬೇಡ ಎಂಬ ಯೋಚನೆ ಅದು. ಮೇಲೆ ಹೇಳಿದ 'ಸ್ಟೇಟಸ್=15' ಬರುವುದು, ಕೋರ್ ಡಂಪ್ ಇಲ್ಲದಿರುವುದು ಇದರಿಂದಲೇ. ಕೋರ್ ಡಂಪ್ ಸಿಗಲಿಲ್ಲವೆಂದು ಗಂಟೆಗಟ್ಟಲೆ ಹುಡುಕುವವರನ್ನು ನೋಡಿದ್ದೇನೆ. ಅಲ್ಲಿ ಸಿಗಲು ಏನೂ ಇರುವುದಿಲ್ಲ.

ಡಿ-ಬಸ್ ರೀಸ್ಟಾರ್ಟ್ ಆಗಿದೆ ಎನ್ನುವುದಕ್ಕೆ ಇನ್ನೊಂದು ಒಳ್ಳೆಯ ಸುಳಿವಿದೆ. ಕನ್ಸೋಲ್ ಅಥವಾ ಎಸ್‌ಎಸ್‌ಎಚ್ ಲಾಗಿನ್ ಪಾಸ್‌ವರ್ಡ್ ಕೊಟ್ಟ ಮೇಲೆ ಸುಮಾರು 25 ಸೆಕೆಂಡ್ ಸುಮ್ನೆ ನಿಲ್ಲುತ್ತದೆ. ಲಾಗಿನ್ ಪ್ರಕ್ರಿಯೆ ಬಸ್ ಮೂಲಕ ಲಾಗಿನ್‌ಡಿಯನ್ನು ಕರೆಯುತ್ತದೆ. ಲಾಗಿನ್‌ಡಿ ಹೊಸ ಬಸ್‌ಗೆ ಸೇರಿರುವುದಿಲ್ಲ. ಉತ್ತರ ಬಾರದೆ, ಬಸ್‌ನ ಡಿಫಾಲ್ಟ್ ಕಾಯುವ ಅವಧಿಯಾದ 25 ಸೆಕೆಂಡ್ ಮುಗಿದ ಮೇಲೆ ಒಳಗೆ ಬಿಡುತ್ತದೆ. ಪಾಸ್‌ವರ್ಡ್ ತಪ್ಪಾಯಿತು ಎಂದುಕೊಂಡು ನಡುವೆ ಬಿಟ್ಟುಹೋಗಬೇಡಿ, ಕಾಯಿರಿ.

ಇಂಥ ಸ್ಥಿತಿಯಲ್ಲಿ ಸುಡೊ ಇಲ್ಲದೆ ಸಿಸ್ಟಮ್‌ಸಿಟಿಎಲ್ ಕೊಟ್ಟರೆ 'ಬಸ್‌ಗೆ ಸೇರಲಾಗಲಿಲ್ಲ' ಎಂಬ ಅರ್ಥದ ಸಂದೇಶ ಬರಬಹುದು. ಸುಡೊ ಹಾಕಿ. ರೂಟ್ ಬಳಕೆದಾರನ ಕಮಾಂಡ್ ಬಸ್ ಹಿಡಿಯದೆ ಬೇರೆ ಖಾಸಗಿ ದಾರಿಯಲ್ಲಿ ನೇರವಾಗಿ, ಸರ್ವಿಸ್‌ಗಳನ್ನೆಲ್ಲ ಶುರು ಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ಹತ್ತಿರ ಹೋಗುತ್ತದೆ. ಮೊದಲು 'ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಸಿಸ್ಟಮ್‌ಡಿ-ಲಾಗಿನ್‌ಡಿ', ಆಮೇಲೆ 'ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಡಿಸ್‌ಪ್ಲೇ-ಮ್ಯಾನೇಜರ್'. ಲಾಗಿನ್ ಪರದೆ ಬರುತ್ತದೆ. ಆದರೆ ನಾನು ಅಷ್ಟಕ್ಕೇ ಬಿಡುವುದಿಲ್ಲ. ನೆಟ್‌ವರ್ಕ್, ಬ್ಲೂಟೂತ್, ಪ್ರಿಂಟರ್, ಅನುಮತಿ ಕೇಳುವ ಪೋಲ್‌ಕಿಟ್, ಇವೆಲ್ಲ ಅದೇ ತಂತಿಯಲ್ಲಿ ಇದ್ದವು. ಯಾವುದು ಸರಿಯಾಗಿ ಮರಳಿತು, ಯಾವುದು ಇಲ್ಲ ಎಂದು ಒಂದೊಂದಾಗಿ ನೋಡುವ ಬದಲು, ಪ್ಯಾಕೇಜ್ ಕೆಲಸ ಮುಗಿದಿದೆ ಎಂದು ಖಚಿತ ಮಾಡಿಕೊಂಡು 'ಸುಡೊ ಸಿಸ್ಟಮ್‌ಸಿಟಿಎಲ್ ರೀಬೂಟ್' ಕೊಡುವುದೇ ಸರಿ. ಡಿ-ಬಸ್ ಹೊಸ ಆವೃತ್ತಿ ಬೇಕೆಂದರೆ ದಾರಿ ರೀಬೂಟ್ ಒಂದೇ. ಅದರ ಸೆಟ್ಟಿಂಗ್ ಬದಲಿಸಿದ್ದರೆ ಮಾತ್ರ 'ರೀಲೋಡ್' ಸಾಕು, ಅದರಿಂದ ಯಾರ ಸಂಪರ್ಕವೂ ಕಡಿಯುವುದಿಲ್ಲ.

ಲಾಗಿನ್‌ಡಿಯದು ಇದಕ್ಕೆ ಹತ್ತಿರದ ಕಥೆ. ಎಕ್ಸ್ ಸರ್ವರ್ (ಕಿಟಕಿಗಳನ್ನು ಪರದೆಗೆ ತರುವ ಹಳೆಯ ಪ್ರೋಗ್ರಾಂ) ರೂಟ್ ಅಧಿಕಾರ ಇಲ್ಲದೆ ಓಡುವಾಗ ಪರದೆ ಮತ್ತು ಕೀಬೋರ್ಡ್ ತೆರೆದುಕೊಡುವುದು ಲಾಗಿನ್‌ಡಿ. ಅದು ಮರೆಯಾದರೆ ಏನು ಮಾಡಬೇಕು ಎಂದು ಎಕ್ಸ್ ಸರ್ವರ್ ಬರೆದವರು ಮೊದಲೇ ತೀರ್ಮಾನಿಸಿದ್ದಾರೆ. 'ಸಿಸ್ಟಮ್‌ಡಿ-ಲಾಗಿನ್‌ಡಿ ಡಿಸ್‌ಅಪಿಯರ್ಡ್ (ಸ್ಟಾಪ್ಡ್/ರೀಸ್ಟಾರ್ಟೆಡ್?)' ಎಂದು ಬರೆದಿಟ್ಟು ನಿಲ್ಲುತ್ತದೆ. ಎಕ್ಸ್ ಸರ್ವರಿನ ಲಾಗ್‌ನಲ್ಲಿ ಈ ಸಾಲು ಸಿಕ್ಕರೆ ಮುಂದೆ ಹುಡುಕುವುದೇ ಬೇಡ, ಕಾರಣ ಸಿಕ್ಕಿತು. ಲಾಗ್ ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಎಕ್ಸ್‌ಆರ್ಗ್ ಎಂಬಲ್ಲಿ. ರೂಟ್ ಆಗಿ ಓಡುವ ಎಕ್ಸ್ ಆದರೆ ವಾರ್, ಲಾಗ್ ಒಳಗೆ. ಒಂದು ಎಚ್ಚರ: ಎಕ್ಸ್ ಮತ್ತೆ ಶುರುವಾದಾಗ ಹಿಂದಿನ ಲಾಗ್ 'ಓಲ್ಡ್' ಎಂಬ ಹೆಸರಿಗೆ ಹೋಗುತ್ತದೆ, ಮತ್ತೊಮ್ಮೆ ಶುರುವಾದರೆ ಅದೂ ಅಳಿಸಿಹೋಗುತ್ತದೆ. ಹಾಗಾಗಿ ಪರದೆ ವಾಪಸ್ ತರುವ ಪ್ರಯತ್ನಕ್ಕೆ ಮೊದಲು ಆ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಎಕ್ಸ್‌ಗೆ ಬದಲಾಗಿ ಬಂದ ವೇಲ್ಯಾಂಡ್‌ನಲ್ಲಿ ಎಕ್ಸ್ ಸರ್ವರ್ ಮಾಡುತ್ತಿದ್ದ ಕೆಲಸವನ್ನು ಡೆಸ್ಕ್‌ಟಾಪೇ ಮಾಡುತ್ತದೆ. ಗ್ನೋಮ್ ಆದರೆ ಗ್ನೋಮ್ ಶೆಲ್. ಎಕ್ಸ್‌ನಲ್ಲಿ ಆಲ್ಟ್ ಎಫ್2 ಒತ್ತಿ ಆರ್ ಎಂದು ಕೊಟ್ಟರೆ ಗ್ನೋಮ್ ಶೆಲ್ ಮಾತ್ರ ಹೊಸದಾಗಿ ಶುರುವಾಗಿ ಕಿಟಕಿಗಳು ಹಾಗೇ ಉಳಿಯುತ್ತಿದ್ದವು. ವೇಲ್ಯಾಂಡ್‌ನಲ್ಲಿ ಆ ಸೌಕರ್ಯ ಇಲ್ಲ. ಶೆಲ್ ಹೋದರೆ ತೆರೆದಿದ್ದ ಎಲ್ಲ ಕಿಟಕಿಗಳೂ ಹೋದ ಹಾಗೆ. ಗ್ನೋಮ್ 3.34ರಿಂದ, ಅಂದರೆ 2019ರಿಂದ, ಡೆಸ್ಕ್‌ಟಾಪಿನ ಭಾಗಗಳು ಬಳಕೆದಾರನ ಸಿಸ್ಟಮ್‌ಡಿ ಕೆಳಗೆ ಓಡುತ್ತವೆ. ಅದರಿಂದ 'ಯೂಸರ್@1000.ಸರ್ವಿಸ್' ಎಂಬುದು ಪಟ್ಟಿಯಲ್ಲಿ ಕಂಡರೆ ಅದನ್ನೂ ಮುಟ್ಟಬೇಡಿ. 1000 ಅಂದರೆ ಸಾಮಾನ್ಯವಾಗಿ ಯಂತ್ರದ ಮೊದಲ ಬಳಕೆದಾರ, ಬಹುಪಾಲು ನೀವೇ.

ಯೂಡೆವ್ ಕೂಡ ಹೀಗೆ ಮಾಡಬಲ್ಲದು ಎಂದರೆ ನಂಬುವುದು ಕಷ್ಟ. ಆದರೆ 2016ರ ಅಕ್ಟೋಬರ್‌ನಲ್ಲಿ ಫೆಡೋರಾ 24 ಬಳಕೆದಾರರಿಗೆ ನಿಜವಾಗಿಯೂ ಆಯಿತು. ಯೂಡೆವ್ ಪ್ಯಾಕೇಜ್ ಅಪ್‌ಡೇಟ್ ಆಗುವಾಗ 'ಸಿಸ್ಟಮ್‌ಡಿ-ಯೂಡೆವ್-ಟ್ರಿಗರ್' ಎಂಬ ಸರ್ವಿಸ್ ರೀಸ್ಟಾರ್ಟ್ ಆಗುತ್ತಿತ್ತು. ಅದು ಯಂತ್ರದಲ್ಲಿರುವ ಹಾರ್ಡ್‌ವೇರ್ ಎಲ್ಲವನ್ನೂ ಮತ್ತೊಮ್ಮೆ ಸಾರುತ್ತದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾರಾಟಕ್ಕೆ ಎಕ್ಸ್ ಸರ್ವರ್ ಬಿದ್ದುಹೋಗುತ್ತಿತ್ತು. ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಡೆಸ್ಕ್‌ಟಾಪ್ ಒಳಗಿನಿಂದ ಅಪ್‌ಡೇಟ್ ಮಾಡಬೇಡಿ ಎಂದು ಫೆಡೋರಾ ಕಡೆಯಿಂದಲೇ ಎಚ್ಚರಿಕೆ ಬಂತು. ಯಂತ್ರ ರೀಬೂಟ್ ಆಗುವ ಹೊತ್ತಿನಲ್ಲಿ ಅಪ್‌ಡೇಟ್ ಹಾಕುವ ಆಫ್‌ಲೈನ್ ವಿಧಾನ ಯಾಕೆ ಇದೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಪರದೆ ಮರಳುವುದೇ ಇಲ್ಲವೆಂದರೆ

ಇಲ್ಲಿವರೆಗೆ ಹೇಳಿದ್ದು ಬಿದ್ದ ಪರದೆಯ ಬಗ್ಗೆ. ಡಿಸ್‌ಪ್ಲೇ ಮ್ಯಾನೇಜರ್ ರೀಸ್ಟಾರ್ಟ್ ಕೊಟ್ಟರೂ ಏಳದಿದ್ದರೆ, ಎನ್ವಿಡಿಯಾ ಕಾರ್ಡ್ ಇರುವವರು ಮೊದಲು ಅನುಮಾನಿಸಬೇಕಾದ್ದು ಆವೃತ್ತಿಗಳ ತಾಳಮೇಳ.

ಎನ್ವಿಡಿಯಾ ಡ್ರೈವರಿನಲ್ಲಿ ಎರಡು ಭಾಗ. ಒಂದು ಕರ್ನಲ್ ಒಳಗೆ ಕೂರುವ ಮಾಡ್ಯೂಲ್. ಇನ್ನೊಂದು ಪ್ರೋಗ್ರಾಂಗಳು ಬಳಸುವ ಲೈಬ್ರರಿ. ಎರಡೂ ಒಂದೇ ಆವೃತ್ತಿ ಆಗಿರಲೇಬೇಕು. ಅಪ್‌ಡೇಟ್ ಆದಾಗ ಡಿಸ್ಕಿನಲ್ಲಿರುವ ಲೈಬ್ರರಿ ಹೊಸದಾಗುತ್ತದೆ. ಮೆಮೊರಿಯಲ್ಲಿ ಕೂತಿರುವ ಮಾಡ್ಯೂಲ್ ರೀಬೂಟ್ ಆಗುವವರೆಗೆ ಹಳೆಯದೇ. ಆಗಲೇ ತೆರೆದಿದ್ದ ಡೆಸ್ಕ್‌ಟಾಪ್ ಹಳೆಯ ಲೈಬ್ರರಿ ಹಿಡಿದುಕೊಂಡು ಆರಾಮಾಗಿ ಓಡುತ್ತಿರುತ್ತದೆ. ಅಪ್‌ಡೇಟ್ ಮಾಡಿ ಮೂರು ದಿನ ಆದರೂ ಏನೂ ಗೊತ್ತಾಗದೆ ಇರಬಹುದು. ಯಾವುದೋ ಕಾರಣಕ್ಕೆ ಡಿಸ್‌ಪ್ಲೇ ಮ್ಯಾನೇಜರ್ ರೀಸ್ಟಾರ್ಟ್ ಆದ ಕ್ಷಣ, ಹೊಸ ಲೈಬ್ರರಿ ಹಳೆಯ ಮಾಡ್ಯೂಲಿಗೆ ಎದುರಾಗುತ್ತದೆ. ಎಕ್ಸ್ ಲಾಗ್‌ನಲ್ಲಿ 'ನೋ ಸ್ಕ್ರೀನ್ಸ್ ಫೌಂಡ್' ಎಂದು ಬರುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. 'ಎನ್ವಿಡಿಯಾ-ಎಸ್‌ಎಂಐ' ಕೊಡಿ. 'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಎಂದರೆ ಇದೇ. 'ಸುಡೊ ಡಿಎಂಇಎಸ್‌ಜಿ' ಕೊಟ್ಟರೆ 'ಎಪಿಐ ಮಿಸ್‌ಮ್ಯಾಚ್' ಎಂಬ ಸಾಲಿನಲ್ಲಿ ಎರಡೂ ಆವೃತ್ತಿಗಳ ಸಂಖ್ಯೆ ಸಿಗುತ್ತದೆ. ಸರಿಯಾದ ಪರಿಹಾರ ರೀಬೂಟ್. ಡ್ರೈವರ್ ತೆಗೆದು ಹಾಕಿ ಒದ್ದಾಡಬೇಡಿ, ಡ್ರೈವರ್ ಕೆಟ್ಟಿಲ್ಲ. ಆದರೆ ರೀಬೂಟಿಗೆ ಮೊದಲು 'ಡಿಕೆಎಂಎಸ್ ಸ್ಟೇಟಸ್' ನೋಡಿ. ಡಿಕೆಎಂಎಸ್ ಅಂದರೆ ಪ್ರತಿ ಕರ್ನಲ್‌ಗೆ ತಕ್ಕ ಮಾಡ್ಯೂಲ್ ಕಟ್ಟಿಕೊಡುವ ಪ್ರೋಗ್ರಾಂ. ನಿಮ್ಮ ಡಿಸ್ಟ್ರೋ ಮಾಡ್ಯೂಲನ್ನು ಅದರ ಮೂಲಕ ಕಟ್ಟುತ್ತಿದ್ದರೆ, ಹೊಸ ಕರ್ನಲ್ ಎದುರು 'ಇನ್‌ಸ್ಟಾಲ್ಡ್' ಎಂದಿರಬೇಕು. ಇಲ್ಲದಿದ್ದರೆ ರೀಬೂಟ್ ಆದ ಮೇಲೂ ಕಪ್ಪು ಪರದೆಯೇ ಬರುತ್ತದೆ.

ಎನ್ವಿಡಿಯಾ ಅಲ್ಲದವರು 'ಸುಡೊ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಡಿಸ್‌ಪ್ಲೇ-ಮ್ಯಾನೇಜರ್' ನೋಡಿ. 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ' ಎಂದಿದ್ದರೆ ಅದು ಮೇಲಿಂದ ಮೇಲೆ ಬಿದ್ದು, ಸಿಸ್ಟಮ್‌ಡಿ ಕೈಬಿಟ್ಟಿದೆ. ಡಿಫಾಲ್ಟ್ ಮಿತಿ 10 ಸೆಕೆಂಡಿನಲ್ಲಿ 5 ಸಲ. ಮೊದಲ ಸಲ ಯಾಕೆ ಬಿತ್ತು ಎಂದು ಜರ್ನಲ್‌ನಲ್ಲಿ ನೋಡಿ, ಸರಿಪಡಿಸಿ, 'ರೀಸೆಟ್-ಫೇಲ್ಡ್' ಕೊಟ್ಟು ಮತ್ತೆ ಶುರು ಮಾಡಿ. ಲಾಗಿನ್ ಪರದೆ ಬಂದು, ಪಾಸ್‌ವರ್ಡ್ ಕೊಟ್ಟರೆ ಮತ್ತೆ ಲಾಗಿನ್ ಪರದೆಗೇ ಬರುತ್ತಿದೆಯೇ? 'ಡಿಎಫ್ -ಎಚ್' ಕೊಟ್ಟು ಡಿಸ್ಕ್ ತುಂಬಿದೆಯೇ ನೋಡಿ. ಅಪ್‌ಡೇಟ್ ಆದ ಮೇಲೆ ಇದು ಮಾಮೂಲು, ಡೌನ್‌ಲೋಡ್ ಆದ ಪ್ಯಾಕೇಜ್‌ಗಳೇ ಜಾಗ ತಿಂದಿರಬಹುದು. 'ಸುಡೊ ಆಪ್ಟ್ ಕ್ಲೀನ್' ಸ್ವಲ್ಪ ಜಾಗ ಬಿಡಿಸುತ್ತದೆ. ಎಕ್ಸ್ ಬಳಸುವವರು ಹೋಮ್ ಫೋಲ್ಡರಿನ ಎಕ್ಸ್‌ಅಥಾರಿಟಿ ಫೈಲ್ ರೂಟ್ ಹೆಸರಿಗೆ ಹೋಗಿದೆಯೇ ಎಂದೂ ನೋಡಿ.

ಮುಂದಿನ ಸಲ ಬೀಳದ ಹಾಗೆ

ಸರ್ವಿಸ್ ಪಟ್ಟಿ ಕೇಳುವ ಆ ಪ್ರೋಗ್ರಾಂ ಹೆಸರು ನೀಡ್‌ರೀಸ್ಟಾರ್ಟ್. ಡಿ-ಬಸ್, ಲಾಗಿನ್‌ಡಿ, ಜಿಡಿಎಂ, ಲೈಟ್‌ಡಿಎಂ ಇವುಗಳ ಎದುರು ಅದು ಗುರುತು ಹಾಕಿರುವುದಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಗುರುತು ಇಲ್ಲದ್ದಕ್ಕೆ ನೀವಾಗಿ ಗುರುತು ಹಾಕಬೇಡಿ, ಇಷ್ಟು ನೆನಪಿಟ್ಟರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗುವುದೇ ಇಲ್ಲ. ಯಾವುದು ಹಳೆಯದಾಗಿ ಉಳಿದಿದೆ ಎಂದು ನೋಡಲಷ್ಟೇ ಬೇಕಾದರೆ 'ಸುಡೊ ನೀಡ್‌ರೀಸ್ಟಾರ್ಟ್ -ಆರ್ ಎಲ್' ಕೊಡಿ. ಅದು ಹೆಸರು ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಸೆಟ್ಟಿಂಗ್ ಫೈಲಿನಲ್ಲೂ ರೀಸ್ಟಾರ್ಟ್ ಎಂಬ ಸಾಲಿಗೆ 'ಎಲ್' ಎಂದು ಕೊಟ್ಟು ಶಾಶ್ವತ ಮಾಡಬಹುದು. ಅಲ್ಲಿ 'ಎ' ಅಂದರೆ ಕೇಳದೆ ರೀಸ್ಟಾರ್ಟ್, 'ಐ' ಅಂದರೆ ಕೇಳಿ ರೀಸ್ಟಾರ್ಟ್.

ದೊಡ್ಡ ಅಪ್‌ಡೇಟ್ ಇದ್ದಾಗ ನಾನು ಡೆಸ್ಕ್‌ಟಾಪ್ ಟರ್ಮಿನಲ್ ಬಳಸುವುದು ಬಿಟ್ಟಿದ್ದೇನೆ. ತೆರೆದ ಕೆಲಸ ಸೇವ್ ಮಾಡಿ, ಕಂಟ್ರೋಲ್ ಆಲ್ಟ್ ಎಫ್3 ಒತ್ತಿ, ಕನ್ಸೋಲಿನಲ್ಲಿ ಲಾಗಿನ್ ಆಗಿ ಅಲ್ಲಿಂದ ಮಾಡುತ್ತೇನೆ. ಡೆಸ್ಕ್‌ಟಾಪ್ ಬಿದ್ದರೂ ಆ ಕನ್ಸೋಲ್ ಬೀಳುವುದಿಲ್ಲ, ಅಪ್‌ಡೇಟ್ ಪೂರ್ತಿಯಾಗುತ್ತದೆ. ಟೀಮಕ್ಸ್ (ಟರ್ಮಿನಲ್ ಮುಚ್ಚಿದರೂ ಒಳಗಿನ ಕೆಲಸ ಉಳಿಸುವ ಪ್ರೋಗ್ರಾಂ) ಒಳಗೆ ಓಡಿಸಿದರೆ ಸಾಕಲ್ಲ ಎಂದು ಕೆಲವರು ಕೇಳುತ್ತಾರೆ. ಕನ್ಸೋಲ್ ಅಥವಾ ಎಸ್‌ಎಸ್‌ಎಚ್‌ನಲ್ಲಿ ತೆರೆದ ಟೀಮಕ್ಸ್ ಸರಿ. ಗ್ನೋಮ್ ಟರ್ಮಿನಲ್ ಒಳಗೆ ತೆರೆದ ಟೀಮಕ್ಸ್ ಬಳಕೆದಾರನ ಸಿಸ್ಟಮ್‌ಡಿ ಕೆಳಗೇ ಇರುತ್ತದೆ. ನಿಮ್ಮ ಕೊನೆಯ ಸೆಷನ್ ಮುಗಿದಾಗ ಆ ಸಿಸ್ಟಮ್‌ಡಿ ತನ್ನಡಿ ಇರುವ ಎಲ್ಲವನ್ನೂ ಮುಚ್ಚುತ್ತದೆ, ಟೀಮಕ್ಸನ್ನೂ ಸೇರಿಸಿ. ಅಲ್ಲೇ ಓಡಿಸಬೇಕೆಂದರೆ ಮೊದಲು 'ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್' ಕೊಟ್ಟಿರಬೇಕು.

ಸರ್ವರ್ ನೋಡಿಕೊಳ್ಳುವವರಿಗೆ 'ಡೀಮನ್-ರೀಲೋಡ್' ಬಗ್ಗೆ ಅನುಮಾನ ಇರುತ್ತದೆ. ಅದು ಸರ್ವಿಸ್ ಫೈಲ್‌ಗಳನ್ನು ಮತ್ತೆ ಓದುತ್ತದೆ ಅಷ್ಟೆ, ಯಾವ ಸರ್ವಿಸನ್ನೂ ನಿಲ್ಲಿಸುವುದಿಲ್ಲ. ಅದನ್ನು ಡೆಸ್ಕ್‌ಟಾಪ್ ತೆರೆದಿರುವಾಗಲೂ ಧೈರ್ಯವಾಗಿ ಕೊಡಿ. ಪ್ರಿಂಟರಿನ ಕಪ್ಸ್, ಎಸ್‌ಎಸ್‌ಎಚ್ ಸರ್ವರ್, ಕ್ರಾನ್, ಇವನ್ನು ರೀಸ್ಟಾರ್ಟ್ ಮಾಡಿದರೂ ಪರದೆಗೆ ಏನೂ ಆಗುವುದಿಲ್ಲ.

ಎಲ್ಲ ಮುಗಿಸಿ ರೀಬೂಟ್ ಆದ ಮೇಲೆ ಡೆಸ್ಕ್‌ಟಾಪ್ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಮತ್ತು 'ಸುಡೊ ಡಿಪಿಕೆಜಿ --ಆಡಿಟ್' ಎರಡನ್ನೂ ಒಮ್ಮೆ ಕೊಡಿ. ಮೊದಲನೆಯದರಲ್ಲಿ 0 ಎಂದು ಬರಬೇಕು. ಎರಡನೆಯದು ಏನನ್ನೂ ಹೇಳದೆ ಪ್ರಾಂಪ್ಟಿಗೆ ಮರಳಬೇಕು. ನಮ್ಮವರ ಲ್ಯಾಪ್‌ಟಾಪ್‌ನಲ್ಲಿ ಎರಡನೆಯದು ಇನ್ನೂ ಎರಡು ಪ್ಯಾಕೇಜ್‌ಗಳ ಹೆಸರು ತೋರಿಸಿತು. ಅವನ್ನು ಮತ್ತೆ ಇನ್‌ಸ್ಟಾಲ್ ಮಾಡಿದ ಮೇಲೆಯೇ ಯಂತ್ರವನ್ನು ಅವರ ಕೈಗೆ ಕೊಟ್ಟೆ.